ಹಿಂದಿನ ಎಡಗಡೆಯ ಬಾಗಿಲು

ಲಿಂಗಸುಗೂರಿನ ಸಂತೆಯಲ್ಲಿ ಒಂದು ಸಲ ಅಂಬಪ್ಪನ ಹಳೆಯ ಸಾಹೇಬರೊಬ್ಬರು ಎದುರಿಗೇ ಬಂದರು. ಅಂಬಪ್ಪ ಕೈ ಮುಗಿದ. ಯಾರೋ ಅರ್ಜಿ ಹಿಡಿದು ಬಂದವನಿರಬೇಕೆಂದು ಸಾಹೇಬರು ಅರ್ಧ ತಲೆಯಾಡಿಸಿ ಮುಂದೆ ನಡೆದರು. ಅಂಬಪ್ಪನೂ ತನ್ನ ಪಾಡಿಗೆ ತಿರುಗಿ ಹೊರಟ. ಆಗ ಹಿಂದಿನಿಂದ ಕೂಗು ಬಂತು: "ಏ, ನೀ ಅಂಬಪ್ಪ ಅಲ್ಲೇನು?"

ಅವರ ತಪ್ಪೇನಿರಲಿಲ್ಲ. ಅವರು ಅಂಬಪ್ಪನ ಹಿಂದಲೆಯನ್ನಷ್ಟೇ ವರ್ಷಗಟ್ಟಲೆ ನೋಡಿದ್ದವರು. ಮುಖ ನೋಡುವ ಪ್ರಸಂಗವೇ ಬಂದಿರಲಿಲ್ಲ.

ಅಂಬಪ್ಪ ಸರ್ಕಾರಿ ಡ್ರೈವರ್. ಯಾವ ಇಲಾಖೆ ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲ ಇಲಾಖೆಗಳ ಹಿಂದಿನ ಸೀಟೂ ಒಂದೇ ನಮೂನಿ ಸವೆಯುತ್ತದೆ. ಅವನ ಸರ್ವೀಸಿನ ಬಹುಪಾಲು ಕಳೆದದ್ದು ಒಂದೇ ಬಿಳಿ ಅಂಬಾಸಿಡರ್ ಕಾರಿನ ಮುಂದಿನ ಬಲಗಡೆಯ ಸೀಟಿನಲ್ಲಿ. ಸಾಹೇಬರು ಬಂದರು, ಹೋದರು. ಎಲ್ಲರೂ ಕೂತದ್ದು ಹಿಂದೆ, ಎಡಗಡೆ. ಕಾರು ನಿಂತ ಕೂಡಲೇ ಅಂಬಪ್ಪ ಇಳಿದು, ಬಾನೆಟ್ ಸುತ್ತಿ ಓಡಿ ಬಂದು ಆ ಬಾಗಿಲು ತೆಗೆಯಬೇಕು. ಇಳಿಯುವವರಿಗೆ ಅಷ್ಟು ಪುರಸೊತ್ತು ಇರಲೇಬೇಕು. ತಾವೇ ಬಾಗಿಲು ತೆಗೆದುಕೊಂಡು ಇಳಿದ ಅಧಿಕಾರಿಯನ್ನು ಅಂಬಪ್ಪ ತನ್ನ ಜನ್ಮದಲ್ಲಿ ನೋಡಿರಲಿಲ್ಲ.

ಆ ಬಾಗಿಲಿನ ಒಳಮೈಗೆ ಬಡಿದ ಬೂದುಬಣ್ಣದ ರೆಗ್ಜಿನ್ ಪಟ್ಟಿ, ಅಂದರೆ ಮೆಕ್ಯಾನಿಕರ ಬಾಯಲ್ಲಿ ಡೋರ್ ಪ್ಯಾಡ್, ಇಡೀ ತಾಲೂಕಿನ ಆಡಳಿತವನ್ನು ಮೈಮೇಲೆ ಹೊತ್ತಿತ್ತು. ತಂಬಾಕಿನ ಚಟದ ಸಾಹೇಬರೊಬ್ಬರು ಬೆರಳಿನ ಸುಣ್ಣವನ್ನು ಅದಕ್ಕೇ ಒರೆಸುತ್ತಿದ್ದರು. ಮತ್ತೊಬ್ಬರಿಗೆ ಮೇಲಿನಿಂದ ಫೋನ್ ಬಂದಾಗಲೆಲ್ಲ ಬಾಯಲ್ಲಿ "ಎಸ್ ಸರ್, ಎಸ್ ಸರ್" ಎನ್ನುತ್ತ, ಮುಷ್ಟಿಯಲ್ಲಿ ಬಾಗಿಲು ಗುದ್ದುವ ರೂಢಿಯಿತ್ತು. ಇನ್ನೊಬ್ಬರು ಕಿಟಕಿಯಾಚೆ ರೈತರು ನಿಂತು ಕಷ್ಟ ಹೇಳಿಕೊಳ್ಳುವಾಗ ರೆಗ್ಜಿನ್ನಿನ ಹೊಲಿಗೆಯನ್ನು ಉಗುರಿನಿಂದ ಒಂದೊಂದೇ ಎಳೆ ಬಿಚ್ಚುತ್ತಿದ್ದರು. ಅವರಿಗೆ ವರ್ಗ ಆಗುವಷ್ಟರಲ್ಲಿ ಅಲ್ಲಿ ಅಂಗೈ ಹೋಗುವಷ್ಟು ಕಿಂಡಿ ಬಿದ್ದು, ಒಳಗಿನ ಹತ್ತಿ ಹೊರಗೆ ಇಣುಕುತ್ತಿತ್ತು. ಬಂದ ರೈತರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: "ನೋಡೋಣ."

ಇಷ್ಟೆಲ್ಲ ಇದ್ದರೂ ಅಂಬಪ್ಪನಿಗೆ ಆ ಸೀಟಿನ ಬಗ್ಗೆ ಒಂದು ಭಕ್ತಿ ಇತ್ತು. ಅದರಲ್ಲಿ ಕೂತವರ ಮುಖ ಕನ್ನಡಿಯಲ್ಲಿ ಕಾಣುತ್ತಿತ್ತು. ಎಂಥ ವಾಚಾಳಿ ಸಾಹೇಬರಾಗಿರಲಿ, ಕಾರು ಊರು ದಾಟಿದ ಮೇಲೆ ಸುಮ್ಮನಾಗುತ್ತಿದ್ದರು. ಹುಬ್ಬು ಗಂಟಾಗುತ್ತಿತ್ತು, ತುಟಿ ಬಿಗಿಯುತ್ತಿತ್ತು, ಕಣ್ಣು ದೂರದ ಎಲ್ಲೋ ಒಂದು ಕಡೆ ನಟ್ಟು ನಿಲ್ಲುತ್ತಿತ್ತು. ತಾಲೂಕಿನ ಚಿಂತೆ ಅಂದರೆ ಸಣ್ಣದಲ್ಲ ಎಂದುಕೊಂಡು ಅಂಬಪ್ಪ ಹಾರ್ನನ್ನೂ ಮೆಲ್ಲಗೆ ಒತ್ತುತ್ತಿದ್ದ. ಸಾಹೇಬರ ಮನೆಗಳಲ್ಲಿ ಅವನಿಗೆ ಚಹಾ ಹೊರಗಿನ ಕಟ್ಟೆಗೇ ಬರುತ್ತಿತ್ತು. ಕೆಲವು ಮನೆಗಳಲ್ಲಿ ಲೋಟವೂ ಬೇರೆ ಇರುತ್ತಿತ್ತು. ಆ ಲೋಟದ ವಿಷಯ ಅವನು ಯಾರೊಂದಿಗೂ ಆಡಿದವನಲ್ಲ. ಆದರೆ ಒಂದಿಲ್ಲೊಂದು ದಿನ ಹಿಂದಿನ ಎಡಗಡೆಯ ಸೀಟಿನಲ್ಲಿ ಕೂತು ಹೋಗಬೇಕು ಎಂಬ ಆಸೆ ಅವನಲ್ಲಿ ಮೊಳೆತದ್ದು ಅಂಥದೇ ಒಂದು ಕಟ್ಟೆಯ ಮೇಲೆ.

ಅವನು ನಿವೃತ್ತನಾದ. ಶಾಲು ಹೊದಿಸಿದರು, ಹಾರ ಹಾಕಿದರು, "ಅಂಬಪ್ಪ ಇಲ್ಲದೆ ಈ ಆಫೀಸು ನಡೆಯುವುದಿಲ್ಲ" ಎಂದು ಭಾಷಣ ಮಾಡಿದರು. ಮರುದಿನದಿಂದ ಆಫೀಸು ನಡೆಯಿತು. ಕಾರಿಗೂ ಅದೇ ವರ್ಷ ನಿವೃತ್ತಿ. ಅದಕ್ಕೆ ಶಾಲು ಹೊದಿಸಲಿಲ್ಲ, ಆಫೀಸಿನ ಹಿಂದಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಅದರೊಳಗೆ ಕೋಳಿ ಮೊಟ್ಟೆ ಇಟ್ಟವು. ಕೊರೋನಾ ಬರುವುದಕ್ಕೆ ಸ್ವಲ್ಪ ಮುಂಚೆ ಹರಾಜು ಕೂಗಿದಾಗ ಬಂದವರು ಇಬ್ಬರೇ, ಒಬ್ಬ ಗುಜರಿಯವ, ಇನ್ನೊಬ್ಬ ಅಂಬಪ್ಪ. ಕಾರು ತೂಕಕ್ಕೆ ಹೋಗುವುದನ್ನು ನೋಡಲಾರದೆ ಅಂಬಪ್ಪ ಕೂಗಿಬಿಟ್ಟ.

ಟ್ರಾಕ್ಟರಿಗೆ ಕಟ್ಟಿಕೊಂಡು ತಂದ ಕಾರನ್ನು ಅಂಗಳದಲ್ಲಿ ನೋಡಿದ ಹೆಂಡತಿ ಅಮರಮ್ಮ ಅದರ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಕೇಳಿದಳು:

"ಇಷ್ಟು ವರ್ಷ ಇದನ್ನ ದಿನಾ ತೊಳದದ್ದು ಸಾಕಾಗಲಿಲ್ಲೇನ್ರೀ?"

"ಈಗ ನಮ್ದ ಐತಿ. ನಮ್ದು ತೊಳಕೊಂಡ್ರ ಏನ್ ತಪ್ಪು?"

"ಕೋಳಿ ಅದಾವ ಒಳಗ."

"ಅವ್ನೂ ಸೇರ್ಸೇ ಹರಾಜ್ ಮಾಡ್ಯಾರ."

ಇಂಜಿನ್ನು ಸರಿಹೋಗಲು ಕೊರೋನಾ ಪೂರ್ತಿ ಹಿಡಿಯಿತು. ಬಣ್ಣಕ್ಕೆ ಇನ್ನಷ್ಟು ಕಾಲ ಹೋಯಿತು. ಕಡೆಗೆ ಉಳಿದದ್ದು ಒಳಗಿನ ಡೋರ್ ಪ್ಯಾಡುಗಳು. ಮಗಳು ಪದ್ಮಾವತಿ ಸಿಂಧನೂರಿನಲ್ಲಿ ನರ್ಸ್. ಅವಳು ಅಲ್ಲೇ ಮನೆ ಕಟ್ಟಿಸಿದ್ದಳು. ಅದರ ಗೃಹಪ್ರವೇಶಕ್ಕೆ ಹಿಂದಿನ ಸೀಟಿನಲ್ಲಿ ಕೂತು ಹೋಗಬೇಕೆಂದು ಅಂಬಪ್ಪ ಮನಸ್ಸಿನಲ್ಲೇ ನಿಶ್ಚಯ ಮಾಡಿ, ಮಸ್ಕಿಯ ಶಾವಲಿಯ ಅಂಗಡಿಗೆ ಕಾರು ಒಯ್ದ.

ಶಾವಲಿಯದು ಸೀಟಿನ ಕುಶನ್ ಕೆಲಸ. ಟ್ರಾಕ್ಟರ್ ಸೀಟು, ಬೈಕ್ ಸೀಟು, ಕ್ರೂಸರ್ ಒಳಗಿನ ಮೆತ್ತೆ, ಏನು ಬೇಕಾದರೂ ಹೊಲಿದುಕೊಡುವವನು. ಅವನಿಗೆ ಒಂದೇ ದೌರ್ಬಲ್ಯವಿತ್ತು. ಕೆಂಪು ರೆಗ್ಜಿನ್ನು, ಅದರ ಮೇಲೆ ಹಳದಿ ದಾರದ ಚೌಕಳಿ, ಚೌಕಳಿಯ ನಡುವೆ ಹೊಳೆಯುವ ಗುಂಡಿ. ಅವನ ಕೈಗೆ ಸಿಕ್ಕ ಯಾವ ಗಾಡಿಯೂ ಮದುವೆ ಮಂಟಪ ಆಗದೆ ಹೊರಗೆ ಬಂದದ್ದಿಲ್ಲ.

"ಕೆಂಪು ಹಾಕ್ತೀನಿ ಅಂಬಪ್ಪ ಅಣ್ಣ. ಕೆಳಗ ಒಂದು ನೀಲಿ ಲೈಟಿನ ಪಟ್ಟಿ. ಬಾಗಿಲು ತೆಗದ್ರ ಹತ್ತತೈತಿ, ಹಾಕಿದ್ರ ಆರತೈತಿ," ಎಂದ ಶಾವಲಿ.

"ಮೊದಲ ಹೆಂಗಿತ್ತೋ ಹಂಗ. ಬೂದುಬಣ್ಣ. ಸೀದಾ ಹೊಲಿಗಿ."

"ಬೂದಿ ಬಣ್ಣ ಯಾರ್ ಹಾಕಸ್ತಾರ ಈಗ? ಆಫೀಸ್ ಕಂಡಂಗ ಕಾಣ್ತೈತಿ."

"ಆಫೀಸ್ ಕಂಡಂಗನ ಕಾಣ್ಬೇಕು."

ಶಾವಲಿ ಮನಸ್ಸು ಮುರಿದುಕೊಂಡು ಕೆಲಸಕ್ಕೆ ಕೂತ. ಗ್ಲಾಸ್ ತಿರುಗಿಸುವ ಹಿಡಿಕೆಯ ಪಿನ್ನು ಬಡಿದು ತೆಗೆದ. ಮೊಣಕೈ ಇಡುವ ಮೆತ್ತೆಯ ಸ್ಕ್ರೂ ಬಿಚ್ಚಿದ. ಅಗಲದ ಚಪ್ಪಟೆ ಸ್ಕ್ರೂಡ್ರೈವರನ್ನು ಪ್ಯಾಡಿನ ಅಂಚಿಗೆ ತೂರಿಸಿ, ಒಂದೊಂದೇ ಕ್ಲಿಪ್ಪನ್ನು ಟಪ್ ಟಪ್ ಎಂದು ಎಬ್ಬಿಸಿದ. ಬೇರೆ ಮೂರು ಪ್ಯಾಡು ಇದ್ದಂತೆಯೇ ಕೈಗೆ ಬಂದವು. ಹಿಂದಿನ ಎಡಗಡೆಯದು ಮಾತ್ರ ನೀರು ಕುಡಿದು ಉಬ್ಬಿ, ಹಪ್ಪಳದ ಹಾಗೆ ಪದರು ಪದರಾಗಿ ಉದುರಿತು. ನೀರು ತಡೆಯಲು ಬಾಗಿಲಿನ ಒಳಗೆ ಬಡಿಯಬೇಕಾದ ಪ್ಲಾಸ್ಟಿಕ್ ಹಾಳೆಯೇ ಅಲ್ಲಿರಲಿಲ್ಲ. ಹಿಂದೊಮ್ಮೆ ಆಫೀಸಿನ ಖರ್ಚಿನಲ್ಲಿ ಅದನ್ನು ಬದಲಿಸಿದ ಬಿಲ್ಲು ಪಾಸಾದದ್ದು ಅಂಬಪ್ಪನಿಗೆ ನೆನಪಿತ್ತು. ಬಿಲ್ಲು ಗಟ್ಟಿಯಾಗಿತ್ತು, ಹಾಳೆ ಮಾತ್ರ ಹುಟ್ಟಿಯೇ ಇರಲಿಲ್ಲ.

ಹಳೆಯ ಹಲಗೆಯ ಚೂರುಗಳನ್ನು ನೆಲದ ಮೇಲೆ ಜೋಡಿಸಿ, ಹೊಸ ಪ್ಲೈವುಡ್ಡಿನ ಮೇಲೆ ಅದರ ಅಳತೆ ಗೆರೆ ಎಳೆದು ಶಾವಲಿ ಕತ್ತರಿಸಿದ. ಸ್ಪಂಜು ಅಂಟಿಸುವ ಹೊತ್ತಿಗೆ ಅಂಬಪ್ಪ ಬಾಯಿ ಬಿಟ್ಟ:

"ಇದಕ್ಕ ಮಾತ್ರ ಸ್ಪಂಜ್ ದಪ್ಪಂದು ಹಾಕು."

"ನೀ ಕುಂದ್ರೋದು ಡ್ರೈವರ್ ಸೀಟಿನ್ಯಾಗ. ಅಲ್ಲಿಗೆ ದಪ್ಪಂದು ಹಾಕ್ತೀನಿ."

"ಬ್ಯಾಡ. ಇದಕ್ಕ. ಇದು ಸಾಹೇಬ್ರ ಕಡಿ."

"ಯಾವ ಸಾಹೇಬ್ರು?" ಶಾವಲಿ ಕೈಯಲ್ಲಿನ ಅಂಟಿನ ಬ್ರಷ್ಷನ್ನು ಹಾಗೇ ಹಿಡಿದು ಕೇಳಿದ. "ಗಾಡಿ ನಿಂದ ಅಲ್ಲ?"

ಅಂಬಪ್ಪ ರಸ್ತೆಯ ಕಡೆ ನೋಡತೊಡಗಿದ. ಶಾವಲಿ ಎರಡನೇ ಸಲ ಕೇಳಲಿಲ್ಲ, ಸ್ಪಂಜು ದಪ್ಪದ್ದೇ ಹಾಕಿದ. ಕಾರು ಕೊಡುವಾಗ ಒಂದು ಮಾತು ಹೇಳಿದ: "ಅಂಟಿನ ವಾಸನಿ ಭಾಳ ಐತಿ. ನಾಕ್ ದಿನ ಬಾಗ್ಲಾ ತೆಗದು ಬಿಸಲಿಗೆ ಬಿಡು." ಮನೆಗೆ ಬಂದ ಅಂಬಪ್ಪ ಬಾಗಿಲುಗಳನ್ನು ಭದ್ರವಾಗಿ ಹಾಕಿ, ಮೇಲೆ ತಾಡಪಾಲು ಹೊದಿಸಿದ. ಹೊಸ ಪ್ಯಾಡಿನ ಮೇಲೆ ಧೂಳು ಕೂತರೆ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಗೃಹಪ್ರವೇಶದ ದಿನ ಅವನ ತಂಗಿಯ ಮಗ ಗಂಗಾಧರ ಬಂದ. ಗಂಗಾಧರ ಕ್ರೂಸರ್ ಓಡಿಸುವವನು. ಹತ್ತು ಜನ ಕೂರುವ ಗಾಡಿಯಲ್ಲಿ ಇಪ್ಪತ್ತು ಜನ ಕೂಲಿಯವರನ್ನು ತುಂಬಿ, ಗದ್ದೆ ಗದ್ದೆಗೆ ಇಳಿಸಿ ಬರುವ ಗಂಡುಗಲಿ. ಬಂದವನೇ ರೂಢಿಯಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದ.

"ಅಲ್ಲಲ್ಲ. ನೀ ಮುಂದ. ಸ್ಟೇರಿಂಗ್ ಹಿಡಿ," ಎಂದ ಅಂಬಪ್ಪ.

"ನೀನು, ಮಾವ?"

ಬಿಳಿ ಅಂಗಿ, ಬಿಳಿ ಪ್ಯಾಂಟು, ಜೇಬಿನಲ್ಲಿ ಪೆನ್ನು ಹಾಕಿಕೊಂಡಿದ್ದ ಅಂಬಪ್ಪ ಹಿಂದಿನ ಎಡಗಡೆಯ ಬಾಗಿಲ ಮುಂದೆ ಹೋಗಿ ನಿಂತ. ಗಂಗಾಧರನಿಗೆ ಅರ್ಥವಾಗಲಿಲ್ಲ. ಅಮರಮ್ಮನಿಗೆ ಆಯಿತು. ಅವಳು ಬಂದು ಬಾಗಿಲು ತೆಗೆದಳು. "ಕುಂದ್ರಿ, ಹೊತ್ತಾತು," ಎಂದು ಹೇಳಿ, ಆಚೆ ಕಡೆಯಿಂದ ತಾನೂ ಹತ್ತಿ ಪಕ್ಕದಲ್ಲಿ ಕೂತಳು.

ಕಾರು ಹೊರಟಿತು. ಅಂಬಪ್ಪ ಹೊಸ ಪ್ಯಾಡಿನ ಮೇಲೆ ಮೊಣಕೈ ಇಟ್ಟ. ಅದು ಮೆತ್ತಗೆ ಒಳಗಿಳಿಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿದ್ದ ಪೊಲೀಸಿನವನು ಬಿಳಿ ಅಂಬಾಸಿಡರ್ ಕಂಡದ್ದೇ ಬೀಡಿ ಹಿಂದಕ್ಕೆ ಸರಿಸಿ ಸೆಲ್ಯೂಟ್ ಹೊಡೆದ. ಸೆಲ್ಯೂಟನ್ನು ಹೇಗೆ ತೆಗೆದುಕೊಳ್ಳಬೇಕೆಂದು ಅಂಬಪ್ಪ ಕನ್ನಡಿಯಲ್ಲಿ ಇಷ್ಟು ವರ್ಷ ನೋಡಿ ಕಲಿತಿದ್ದ. ಗದ್ದವನ್ನು ಒಂದು ಕೂದಲೆಳೆಯಷ್ಟು ಇಳಿಸಬೇಕು, ಕಣ್ಣು ಎತ್ತಬಾರದು. ಹಾಗೇ ಮಾಡಿದ.

ಆದರೆ ಕಾಲು ಕೇಳಲಿಲ್ಲ. ಗಂಗಾಧರ ಉಬ್ಬು ಕಂಡರೂ ವೇಗ ಇಳಿಸದೆ ಹೋದಾಗ ಅಂಬಪ್ಪನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ಗೇರು ಬದಲಿಸುವಾಗ ಎಡಗಾಲು ಇಲ್ಲದ ಕ್ಲಚ್ಚನ್ನು ತುಳಿಯಿತು. ಬಾಯಿಯೂ ಸುಮ್ಮನಿರಲಿಲ್ಲ.

"ಗೇರ್ ಕೆಳಗ ಎಳಿ. ಕೆಳಗ. ಇದು ಕ್ರೂಸರ್ ಅಲ್ಲ, ಗೇರ್ ಸ್ಟೇರಿಂಗ್ ಬಾಜೂಕ ಐತಿ."

"ಗೊತ್ತೈತಿ ಮಾವ."

"ಲಾರಿ ಬಂತು."

"ಕಂಡೈತಿ ಮಾವ."

"ಸಾಹೇಬ್ರು ಹಿಂಗ ಮಾತಾಡ್ತಿದ್ರೇನು?" ಎಂದು ಅಮರಮ್ಮ ಕೇಳಿದಳು.

ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಇನ್ನೊಂದು ತಮಾಷೆ ನಡೆಯಿತು. ಕಾರು ನಿಂತದ್ದೇ ತಡ, ಹೋಟೆಲಿನ ಬೆಂಚಿನಿಂದ ಒಬ್ಬ ಮುದುಕ ಎದ್ದು, ಹೆಗಲ ಮೇಲಿನ ವಲ್ಲಿಬಟ್ಟೆ ತೆಗೆದು ಕೈಯಲ್ಲಿ ಹಿಡಿದು ಕಿಟಕಿಗೆ ಬಂದ. ಕಾಲುವೆಯ ಕಡೆಯ ತುದಿಯ ಹೊಲ ಅವನದು. ಮೇಲಿನವರು ತೂಬು ಎತ್ತಿ ನೀರೆಲ್ಲ ತಿರುವಿಕೊಳ್ಳುತ್ತಾರೆ, ತನ್ನ ಬತ್ತಕ್ಕೆ ನೀರು ಬಂದಿಲ್ಲ ಎಂದು ಹೇಳಿಕೊಂಡ. ತಾನು ಸಾಹೇಬನಲ್ಲ ಎಂದು ಹೇಳಲು ಅಂಬಪ್ಪ ಬಾಯಿ ತೆರೆದ. ಮುದುಕನ ಬೆನ್ನು ಬಾಗಿದ್ದು, ಆ ವಲ್ಲಿ, "ನೀವ ದೇವ್ರು ನಮಗ" ಎಂಬ ಮಾತು ಎಲ್ಲ ಸೇರಿ ಅವನ ಬಾಯಿಂದ ಬೇರೆ ಏನೋ ಹೊರಟಿತು:

"ನೋಡೋಣ."

ಮುದುಕ ಕೃತಾರ್ಥನಾಗಿ ಕೈ ಮುಗಿದು ಹೋದ. ಅಂಬಪ್ಪ ಕೆಳಗೆ ನೋಡಿಕೊಂಡರೆ ತನ್ನ ಹೆಬ್ಬೆರಳಿನ ಉಗುರು ಶಾವಲಿಯ ಹೊಸ ಹೊಲಿಗೆಯ ಒಂದು ಎಳೆಯನ್ನು ಆಗಲೇ ಸಡಿಲ ಮಾಡಿತ್ತು. ಚಟ್ಟನೆ ಕೈ ಹಿಂದಕ್ಕೆ ತೆಗೆದ. ಅಮರಮ್ಮ ಎಲ್ಲವನ್ನೂ ನೋಡಿದ್ದಳು.

"ಏನ್ ನೋಡ್ತೀರಿ?" ಎಂದಳು. "ಅವನ ಊರ್ ಯಾವುದಂತ ಸೈತ ಕೇಳ್ಲಿಲ್ಲ."

ಮಸ್ಕಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಂಬಪ್ಪನ ಒಳಗೆ ಏನೋ ಬದಲಾಯಿತು. ಬಿಸಿಲಿಗೆ ಹೊಸ ಅಂಟಿನ ವಾಸನೆ ಕಾದು ಮೂಗಿಗೆ ಅಡರಿತು. ಹಿಂದಿನ ಸೀಟಿನ ಸ್ಪ್ರಿಂಗು ದೋಣಿಯ ಹಾಗೆ ತೂಗುತ್ತಿತ್ತು. ಮುಂದಿನ ರಸ್ತೆ ಕಾಣದು, ಪಕ್ಕದ ಕಿಟಕಿಯಲ್ಲಿ ಬತ್ತದ ಗದ್ದೆಗಳು ಹಿಂದಕ್ಕೆ ಹಿಂದಕ್ಕೆ ಓಡುತ್ತಲೇ ಇದ್ದವು. ಅವನು ದೂರದ ಒಂದು ಕರೆಂಟು ಕಂಬಕ್ಕೆ ಕಣ್ಣು ನೆಟ್ಟ. ಹುಬ್ಬು ಗಂಟಾಯಿತು. ತುಟಿ ಬಿಗಿಯಿತು.

ಕನ್ನಡಿಯಲ್ಲಿ ನೋಡಿದ ಗಂಗಾಧರ ಮೆಚ್ಚಿಕೊಂಡು ಹೇಳಿದ, "ಅತ್ತಿ, ಮಾವನ ಮುಖ ನೋಡು. ಖರೇನ ದೊಡ್ಡ ಸಾಹೇಬ್ರಂಗ ಕಾಣಾಕತ್ತಾನ."

ಗೊರೇಬಾಳದ ಹತ್ತಿರ ದೊಡ್ಡ ಸಾಹೇಬರು "ನಿಲ್ಸು" ಎಂದು ಮಾತ್ರ ಹೇಳಿದರು. ಗಂಗಾಧರ ನಿಲ್ಲಿಸಿ, ಇಳಿದು, ಬಾನೆಟ್ ಸುತ್ತಿ ಬಂದು ಬಾಗಿಲು ತೆಗೆಯುವಷ್ಟು ಪುರಸೊತ್ತು ಇರಲಿಲ್ಲ. ಅಂಬಪ್ಪ ತಾನೇ ಬಾಗಿಲು ದೂಡಿ, ಕಾಲುವೆಯ ದಂಡೆಗೆ ಓಡಿ, ಮಸ್ಕಿಯ ಚಹಾವನ್ನೂ ಲಿಂಗಸುಗೂರಿನ ಉಪ್ಪಿಟ್ಟನ್ನೂ ಕಕ್ಕಿದ. ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳು ಬೆನ್ನು ನೆಟ್ಟಗೆ ಮಾಡಿ ನಿಂತು ನೋಡಿದರು. ಅವರಲ್ಲೊಬ್ಬಳು, "ಪಾಪ, ಆಪೀಸರ್‌ಗೂ ನಮ್ಮಂಗ ವಾಂತಿ ಬರ್ತಾವು," ಎಂದದ್ದು ದಂಡೆಯ ತನಕ ಕೇಳಿಸಿತು.

ಅಮರಮ್ಮ ನೀರಿನ ಬಾಟಲಿ ತಂದು ಬೆನ್ನು ಸವರಿದಳು. ಜೀವಮಾನವೆಲ್ಲ ಗಾಡಿಯಲ್ಲಿ ಕಳೆದವನಿಗೆ ಗಾಡಿ ಆಗಿಬರಲಿಲ್ಲ ಎನ್ನುವುದು ಅವನಿಗೇ ನಂಬಲಾಗಲಿಲ್ಲ. ಉಳಿದ ದಾರಿಯನ್ನು ಮುಂದಿನ ಸೀಟಿನಲ್ಲಿ, ಗಂಗಾಧರನ ಪಕ್ಕ ಕೂತು, ಕಿಟಕಿಯಿಂದ ಮುಖ ಹೊರಗೆ ಹಾಕಿ ಕಳೆದ.

ಮಗಳ ಮನೆಯಲ್ಲಿ ಬುದ್ಧವಂದನೆ ಮುಗಿದು ಊಟಕ್ಕೆ ಎಲೆ ಹಾಕಿದ್ದರು. ಅಂಬಪ್ಪನಿಗೆ ಹೋಳಿಗೆಯ ಮುಖ ನೋಡಲಾಗಲಿಲ್ಲ. ಅವನ ಪಕ್ಕದಲ್ಲೇ ಊಟಕ್ಕೆ ಕೂತಿದ್ದವರು ಪಂಪಾಪತಿ ಸಾಹೇಬರು. ಅವರೂ ಹಿಂದೆ ಆ ಕಾರಿನಲ್ಲಿ ಓಡಾಡಿದವರೇ. ನಿವೃತ್ತರಾಗಿ ಲಿಂಗಸುಗೂರಿನಲ್ಲೇ ಮನೆ ಮಾಡಿದ್ದರು. ಅಂಬಪ್ಪ ಮನೆಗೆ ಹೋಗಿ ಕರೆದದ್ದಕ್ಕೆ ಬಸ್ಸು ಹತ್ತಿ ಬಂದಿದ್ದರು. ಸರ್ವೀಸಿನಲ್ಲಿದ್ದಾಗ ಹುಬ್ಬು ಗಂಟಿಕ್ಕುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ.

"ಯಾಕ ಅಂಬಪ್ಪ, ಎಲಿ ಮುಟ್ಟವಲ್ಲಿ?"

ಅಂಬಪ್ಪ ನಾಚಿಕೆ ಬಿಟ್ಟು ನಡೆದದ್ದನ್ನು ಹೇಳಿದ. ಸಾಹೇಬರು ತುತ್ತನ್ನು ಎಲೆಯಲ್ಲೇ ಬಿಟ್ಟು, ಆಚೀಚೆ ನೋಡಿ, ಅವನ ಕಿವಿಯ ಹತ್ತಿರ ಬಾಗಿದರು.

"ಹಿಂದ ಎಡಕ್ಕ ಕುಂತಿದ್ದಿಯೇನು?"

"ಹೌದ್ರಿ."

"ನನಗೂ ಹಂಗ ಆಕ್ಕಿತ್ತು. ದಿನಾ. ಮುದಗಲ್ ರೋಡ್ ಅಂದ್ರ ಸಾಕು, ಹೊಟ್ಟಿ ತೊಳಸಾಕ ಸುರು. ಹಲ್ಲು ಕಚ್ಚಿ ಕುಂದರ್ತಿದ್ದೆ."

ಅಂಬಪ್ಪ ಅವರ ಮುಖವನ್ನೇ ನೋಡಿದ. "ನಾ ಅದನ್ನ ತಾಲೂಕಿನ ಚಿಂತಿ ಅನ್ಕೊಂಡಿದ್ದೆ, ಸಾಹೇಬ್ರ."

"ಚಿಂತಿ ಮಾಡಾಕ ಹೊಟ್ಟಿ ಸುಮ್ನಿರಬೇಕಲ್ಲಪಾ. ಜನ ಬಂದು ಏನೇನೋ ಹೇಳ್ತಿದ್ರು. ಬಾಯಿ ತೆಗದ್ರ ಎಲ್ಲಿ ಬರತೈತೋ ಅಂತ ಒಂದೇ ಮಾತಿನ್ಯಾಗ ಮುಗಸ್ತಿದ್ದೆ."

"ಮುಂದಿನ ಸೀಟಿಗೆ ಬಂದು ಕುಂದ್ರಬಹುದಿತ್ತು."

ಪಂಪಾಪತಿ ಸಾಹೇಬರು ಅವನನ್ನು ಕನಿಕರದಿಂದ ನೋಡಿದರು. "ಮುಂದ ಕುಂತ್ರ ನಾ ಸಾಹೇಬ ಅಂತ ಯಾರಿಗೆ ಗೊತ್ತಾಕ್ಕಿತ್ತು?"

ಅಂಬಪ್ಪನಿಗೆ ನಗು ಬಂತು, ಜೊತೆಗೆ ಸಿಟ್ಟೂ ಬಂತು. ಅರ್ಧ ಆಯುಷ್ಯ ಆ ಗಂಟಿಕ್ಕಿದ ಹುಬ್ಬಿಗೆ ಅಂಜಿ, ತಗ್ಗು ಕಂಡಲ್ಲೆಲ್ಲ ಹಾಲಿನ ಕೊಡ ಹೊತ್ತವನ ಹಾಗೆ ಗಾಡಿ ಓಡಿಸಿದ್ದ. ಹೊರಗಿನ ಕಟ್ಟೆ ನೆನಪಾಯಿತು. ನೆನಪು ಅಲ್ಲಿಂದ ಮುಂದಕ್ಕೆ ಹೋಗದ ಹಾಗೆ, ಎಲೆಯ ಮೇಲಿನ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಕಲೆಸಿ ಉಣ್ಣತೊಡಗಿದ. ಪಕ್ಕದಲ್ಲಿ ಸಾಹೇಬರು ಪದ್ಮಾವತಿಯನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಸಂಜೆಗೆ ಗಂಗಾಧರ ಪೆಂಡಾಲು ಬಿಚ್ಚಲು ಉಳಿದುಕೊಂಡ. ಸಾಹೇಬರು ವಾಪಸ್ಸು ಕಾರಿನಲ್ಲೇ ಬರುವುದೆಂದಾಯಿತು. ಕಾಲಿನ ಅಭ್ಯಾಸ, ಅವರು ನೇರವಾಗಿ ಹಿಂದಿನ ಎಡಗಡೆಯ ಬಾಗಿಲಿಗೆ ಹೋಗಿ ನಿಂತು ಕಾದರು. ಅಂಬಪ್ಪನ ಕಾಲೂ ಬಾನೆಟ್ಟಿನ ಕಡೆ ಒಂದು ಹೆಜ್ಜೆ ಇಟ್ಟಿತ್ತು. ಅಷ್ಟರಲ್ಲಿ ಅಮರಮ್ಮ ಬಂದು ಆ ಬಾಗಿಲು ತೆಗೆದು, ತಾನೇ ಒಳಗೆ ಕೂತು, ಬುತ್ತಿಯ ಗಂಟನ್ನು ಪಕ್ಕದಲ್ಲಿಟ್ಟು, ಕಾಲು ಚಾಚಿದಳು.

"ಮುಂದ ಕುಂದ್ರಿ ಸಾಹೇಬ್ರ," ಎಂದಳು. "ಹಿಂದ ಹೊಸ ಪ್ಯಾಡ್ ಅದಾವ. ಹೊಲಸ ಮಾಡಬ್ಯಾಡ್ರಿ."

ಸಾಹೇಬರು ಮುಂದೆ, ಸ್ಟೇರಿಂಗ್ ಹಿಡಿದ ಅಂಬಪ್ಪನ ಪಕ್ಕದಲ್ಲಿ ಕೂತರು. ಸಿಂಧನೂರು ದಾಟಿ ಬತ್ತದ ಲಾರಿಗಳು ಒಂದರ ಹಿಂದೊಂದು ಎದುರಿಗೆ ಬರತೊಡಗಿದಾಗ ಅವರ ಎರಡೂ ಕೈ ಡ್ಯಾಶ್‌ಬೋರ್ಡಿನ ಮೇಲೆ ಹೋದವು.

"ಅಂಬಪ್ಪ, ಇವೆಲ್ಲಾ ಮೊದಲೂ ಹಿಂಗ ಎದುರಿಗೆ ಬರ್ತಿದ್ವೇನು?"

"ಇದಕ್ಕಿಂತ ಜೋರ್ ಬರ್ತಿದ್ವು ರೀ."

"ಮತ್ತ ನೀ ಏನೂ ಅಂತಿರಲಿಲ್ಲ?"

"ನೀವು ಕೇಳ್ತಿರಲಿಲ್ಲ."

ಆಮೇಲೆ ಸಾಹೇಬರು ಮಾತು ಶುರುವಿಟ್ಟುಕೊಂಡರು. ಹೊಟ್ಟೆ ತೊಳಸದ ಪ್ರಯಾಣ ಅವರಿಗೆ ಹೊಸದು. ಮಸ್ಕಿ ಬರುವವರೆಗೆ ಗದ್ದೆ, ಕಾಲುವೆ, ವಲಸೆ ಬಂದ ರೈತರ ಕ್ಯಾಂಪು, ಗುಡ್ಡ ಎಲ್ಲವನ್ನೂ ತೋರಿಸಿ ಇದೇನು ಅದೇನು ಎಂದು ಕೇಳಿದರು. ತಮ್ಮದೇ ಸಹಿಯಿಂದ ಮಂಜೂರಾದ ಒಂದು ಸೇತುವೆಯನ್ನು ಮೊದಲ ಸಲ ನೋಡಿ, "ಚಲೋ ಕಟ್ಯಾರಲ್ಲ, ಯಾರ್ ಕಟ್ಟಿಸಿದ್ದು?" ಎಂದರು. ಅಂಬಪ್ಪ ಹೇಳಿದ. ಹಿಂದೆ ಅಮರಮ್ಮ ಗೊರಕೆ ಹೊಡೆಯುತ್ತಿದ್ದಳು.

ಲಿಂಗಸುಗೂರಿನಲ್ಲಿ ಸಾಹೇಬರ ಮನೆಯ ಮುಂದೆ ಕಾರು ನಿಂತಿತು. ಸಾಹೇಬರು ಇಳಿಯಲಿಲ್ಲ. ಅಂಬಪ್ಪನೂ ಇಳಿಯಲಿಲ್ಲ. ಕಡೆಗೆ ಸಾಹೇಬರು ಬಾಗಿಲಿನ ಹೊಸ ಪ್ಯಾಡಿನ ಮೇಲೆ ಕೈಯಾಡಿಸಿ, ಸಿಕ್ಕ ಹಿಡಿಕೆಯೊಂದನ್ನು ಹಿಡಿದು ತಿರುಗಿಸಿದರು. ಗ್ಲಾಸು ಸರ್ರನೆ ಕೆಳಗಿಳಿಯಿತು.

"ಅದು ಗ್ಲಾಸಿಂದು ರೀ," ಎಂದ ಅಂಬಪ್ಪ. "ಅದರ ಮ್ಯಾಲಿಂದು ನೋಡ್ರಿ. ಹಿಂದಕ್ಕ ಎಳೀರಿ."

ಸಾಹೇಬರು ಎಳೆದರು. ಬರಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಎಳೆದರು. ಖಟ್ ಎಂದು ಬಾಗಿಲು ತೆರೆಯಿತು. ಅವರು ಅಂಬಪ್ಪನ ಕಡೆ ತಿರುಗಿ, ಅವನ ಮುಖವನ್ನು ನೆಟ್ಟಗೆ ನೋಡಿ, "ಬಂತು," ಎಂದು ಹೇಳಿ ಇಳಿದರು.